ಕುದುರೆ ಮರಿಗೆ ಹಾಲು ಬಿಡಿಸುವುದು ಯಾವಾಗ?

ಮರಿಗೆ ಆರು ತಿಂಗಳು ತುಂಬುತ್ತಿದ್ದಂತೆ ಲಾಯದಲ್ಲಿ ಒಂದು ಮಾತು ಶುರುವಾಗುತ್ತದೆ: ‘ಇನ್ನೆಷ್ಟು ದಿನ ಕುಡಿಸೋದು, ಬಿಡಿಸಿಬಿಡೋಣ.’ ಮರುದಿನ ಬೆಳಿಗ್ಗೆ ತಾಯಿಯನ್ನು ಗಾಡಿಗೆ ಹತ್ತಿಸಿ ಬೇರೆಡೆಗೆ ಸಾಗಿಸುತ್ತಾರೆ. ಮರಿಯನ್ನು ಒಂಟಿಯಾಗಿ ಒಂದು ಕೋಣೆಗೆ ನೂಕಿ ಬಾಗಿಲು ಹಾಕುತ್ತಾರೆ. ಅದು ಎರಡು ಮೂರು ದಿನ ಕೆನೆದು, ಬೆವರಿ, ಗೋಡೆಗೆ ಮೈ ಉಜ್ಜಿ ಕೊನೆಗೆ ಸುಮ್ಮನಾಗುತ್ತದೆ. ಮರಿ ಸುಮ್ಮನಾಯಿತು, ಕೆಲಸ ಮುಗಿಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ.

ಆದರೆ ಆ ಮೂರು ದಿನಗಳ ಬೆಲೆಯನ್ನು ಮರಿ ವರ್ಷಗಟ್ಟಲೆ ತೆರಬೇಕಾಗಬಹುದು. ಮೈ ಇಳಿಯುವುದು, ಕೀಲುಗಳು ಊದುವುದು, ಮರ ಕಚ್ಚಿ ಗಾಳಿ ನುಂಗುವ ಚಟ, ಒಂಟಿಯಾಗಿ ನಿಲ್ಲಲು ಒಪ್ಪದ ಗಾಬರಿ ಸ್ವಭಾವ ಇವೆಲ್ಲ ಎಷ್ಟೋ ಸಲ ಮೊಳೆಯುವುದು ಹಾಲು ಬಿಡಿಸಿದ ದಿನಗಳಲ್ಲೇ. ಇದರಲ್ಲಿ ಬಹುಪಾಲನ್ನು ತಪ್ಪಿಸಬಹುದು. ಅದಕ್ಕೆ ಎರಡು ವಿಷಯ ನೆನಪಿರಬೇಕು. ಹಾಲು ಬಿಡಿಸುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡುವುದಲ್ಲ, ಮರಿಯ ಮೇವು, ಮರಿಯ ಜೊತೆಗಾರರು ಮತ್ತು ತಾಯಿಯ ಮೈ ಈ ಮೂರನ್ನೂ ನೋಡಿ ಗೊತ್ತುಮಾಡುವುದು. ಮತ್ತು ಆ ಒಂದು ದಿನಕ್ಕೆ ಕನಿಷ್ಠ ಎರಡು ತಿಂಗಳ ತಯಾರಿ ಬೇಕು.

ಹಾಲಿನ ಲೆಕ್ಕ

ಕುದುರೆಯ ಗರ್ಭಾವಧಿ ಸುಮಾರು ಹನ್ನೊಂದು ತಿಂಗಳು. ಮರಿ ಹುಟ್ಟುವಾಗ ರೋಗ ನಿರೋಧಕ ಶಕ್ತಿಯನ್ನು ತಾಯಿಯ ರಕ್ತದಿಂದ ಪಡೆದು ಬರುವುದಿಲ್ಲ, ಅದು ಗಿಣ್ಣುಹಾಲಿನಿಂದಲೇ ಸಿಗಬೇಕು. ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಮರಿ ಹೊಟ್ಟೆತುಂಬ ಗಿಣ್ಣು ಕುಡಿಯಲೇಬೇಕು ಎನ್ನುವುದು ಇದಕ್ಕೇ. ಒಂದು ದಿನ ಕಳೆದ ಮೇಲೆ ಆ ಶಕ್ತಿಯನ್ನು ಹೀರಿಕೊಳ್ಳುವ ಸಾಮರ್ಥ್ಯ ಕರುಳಿಗೆ ಉಳಿಯುವುದಿಲ್ಲ.

ಆಮೇಲಿನದು ಹಾಲಿನ ಕಾಲ. ಮೊದಲ ಎರಡು ಮೂರು ತಿಂಗಳು ತಾಯಿ ತನ್ನ ತೂಕದ ಶೇಕಡ 3ರಷ್ಟು ಹಾಲು ಕೊಡುತ್ತದೆ. ಅಂದರೆ 500 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು 15 ಲೀಟರು. ಎರಡನೇ ತಿಂಗಳಿನ ಆಸುಪಾಸಿನಲ್ಲಿ ಹಾಲು ಏರುಮಟ್ಟ ಮುಟ್ಟಿ ನಂತರ ನಿಧಾನವಾಗಿ ಇಳಿಯುತ್ತದೆ. ಹಾಲಿನ ಪ್ರಮಾಣ ಮಾತ್ರವಲ್ಲ, ಅದರ ಸತ್ವವೂ ತೆಳುವಾಗುತ್ತದೆ. ಮರಿಯ ಬೆಳವಣಿಗೆ ಮಾತ್ರ ನಿಲ್ಲುವುದಿಲ್ಲ. ಹುಟ್ಟುವಾಗ ತಾಯಿಯ ತೂಕದ ಹತ್ತನೇ ಒಂದರಷ್ಟಿದ್ದ ಮರಿ ಆರು ತಿಂಗಳಿಗೆ ತನ್ನ ಪೂರ್ಣ ತೂಕದ ಶೇಕಡ 45ರ ಹತ್ತಿರ ಬಂದಿರುತ್ತದೆ. ಎತ್ತರದಲ್ಲಂತೂ ಶೇಕಡ 80ಕ್ಕೂ ಹೆಚ್ಚು ಬೆಳೆದಿರುತ್ತದೆ.

ಹೀಗಾಗಿ ಮೂರು ನಾಲ್ಕು ತಿಂಗಳ ಹೊತ್ತಿಗೆ ಹಾಲೊಂದೇ ಮರಿಗೆ ಸಾಲದು. ಕುದುರೆ ಹಾಲಿನಲ್ಲಿ ತಾಮ್ರ, ಸತುವಿನ ಅಂಶ ಕಡಿಮೆ. ಮರಿ ಹೊಟ್ಟೆಯಲ್ಲಿರುವಾಗಲೇ ತನ್ನ ಯಕೃತ್ತಿನಲ್ಲಿ ತಾಮ್ರವನ್ನು ಕೂಡಿಟ್ಟುಕೊಂಡು ಹುಟ್ಟುತ್ತದೆ, ಮೊದಲ ತಿಂಗಳುಗಳನ್ನು ಆ ದಾಸ್ತಾನಿನಲ್ಲೇ ಕಳೆಯುತ್ತದೆ. ಅದು ಮುಗಿಯುವ ಹೊತ್ತಿಗೆ ಮೇವಿನಿಂದ, ಧಾನ್ಯದ ಕೈತಿಂಡಿಯಿಂದ ಪೂರೈಕೆ ಶುರುವಾಗಿರಬೇಕು. ಹಾಲು ಬಿಡಿಸುವುದು ಎಂದರೆ ಹಾಲನ್ನು ಕಿತ್ತುಕೊಳ್ಳುವುದಲ್ಲ. ಹಾಲಿನ ಜಾಗಕ್ಕೆ ಬೇರೆ ಆಹಾರ ಆಗಲೇ ಬಂದು ಕೂತಿದೆಯೇ ಎಂದು ನೋಡಿಕೊಂಡು, ಉಳಿದ ಸ್ವಲ್ಪವನ್ನು ನಿಲ್ಲಿಸುವುದು.

ನಾಲ್ಕೇ, ಆರೇ, ಹತ್ತೇ?

ರೇಸ್ ಕುದುರೆ ಬೆಳೆಸುವ ಸ್ಟಡ್ ಫಾರ್ಮ್‌ಗಳಲ್ಲಿ ನಾಲ್ಕರಿಂದ ಆರು ತಿಂಗಳೊಳಗೆ ಹಾಲು ಬಿಡಿಸುವುದು ಲೋಕರೂಢಿ. ಅಲ್ಲಿ ತಾಯಿ ಕುದುರೆ ಆಗಲೇ ಮತ್ತೆ ಗಬ್ಬವಾಗಿರುತ್ತದೆ, ಮರಿಯನ್ನು ಮುಂದೆ ಮಾರಾಟಕ್ಕೆ ಸಿದ್ಧಗೊಳಿಸಬೇಕಾಗಿರುತ್ತದೆ. ಲಾಯ, ಆಳು, ಮೇವು ಎಲ್ಲವೂ ಆ ಲೆಕ್ಕಕ್ಕೆ ಹೊಂದಿಕೊಂಡು ನಡೆಯುತ್ತವೆ. ಒಂದೇ ವಯಸ್ಸಿನ ಹತ್ತಾರು ಮರಿಗಳು ಒಟ್ಟಿಗಿರುವುದರಿಂದ ಜೊತೆಗೂ ಕೊರತೆಯಿಲ್ಲ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ನೆಲವಾದ ಕುಣಿಗಲ್‌ನಂಥ ದೊಡ್ಡ ಫಾರ್ಮ್‌ನ ವ್ಯವಸ್ಥೆ ಬೇರೆ, ತೋಟದ ಮನೆಯಲ್ಲಿ ಒಂದು ಮಾರ್ವಾಡಿ ಹೆಣ್ಣು ಕುದುರೆ ಸಾಕಿಕೊಂಡವರ ಪರಿಸ್ಥಿತಿ ಬೇರೆ. ಅಲ್ಲಿನ ಗಡುವನ್ನು ಇಲ್ಲಿಗೆ ಹೊತ್ತು ತರಬೇಕಾಗಿಲ್ಲ.

ಮನುಷ್ಯ ನಡುವೆ ಬರದಿದ್ದರೆ ತಾಯಿ ಕುದುರೆ ಸಾಮಾನ್ಯವಾಗಿ ಒಂಬತ್ತರಿಂದ ಹನ್ನೊಂದು ತಿಂಗಳ ನಡುವೆ, ಮುಂದಿನ ಮರಿ ಹುಟ್ಟುವುದಕ್ಕೆ ಸ್ವಲ್ಪ ಮೊದಲು, ತಾನೇ ಹಾಲು ಬಿಡಿಸುತ್ತದೆ. ಮರಿ ಕೆಚ್ಚಲಿಗೆ ಬಾಯಿ ಹಾಕಿದಾಗ ಸರಿದು ನಿಲ್ಲುತ್ತದೆ, ಕಿವಿ ಹಿಂದಕ್ಕೆ ಮಡಚುತ್ತದೆ, ಹಿಂಗಾಲು ಎತ್ತಿ ಗದರುತ್ತದೆ. ಆದರೆ ಪಕ್ಕದಲ್ಲಿ ಮೇಯಲು ಬಿಡುತ್ತದೆ. ಹಾಲು ನಿಂತ ಮೇಲೂ ತಾಯಿ ಮರಿಯ ನಂಟು ಉಳಿಯುತ್ತದೆ. ನಾವು ಬಿಡಿಸುವಾಗ ಹಾಲು, ತಾಯಿ, ಜಾಗ, ದಿನಚರಿ ಎಲ್ಲವನ್ನೂ ಒಂದೇ ಬೆಳಿಗ್ಗೆ ಕಸಿದುಕೊಳ್ಳುತ್ತೇವೆ. ಮರಿಗೆ ಆಘಾತವಾಗುವುದು ಇದರಿಂದ.

ನನ್ನ ಸಲಹೆ ಇಷ್ಟು: ನಾಲ್ಕು ತಿಂಗಳನ್ನು ಕೆಳಗಿನ ಮಿತಿ ಎಂದು ಇಟ್ಟುಕೊಳ್ಳಿ. ಕಾರಣವಿಲ್ಲದೆ ಅದಕ್ಕಿಂತ ಮೊದಲು ಬಿಡಿಸಬೇಡಿ. ಆರು ತಿಂಗಳು ಗಡುವಲ್ಲ. ತಾಯಿ ಗಟ್ಟಿಯಾಗಿದ್ದು, ಮಾರಾಟದ ಅವಸರ ಇಲ್ಲದಿದ್ದರೆ ಏಳು, ಎಂಟು ತಿಂಗಳವರೆಗೆ ಧಾರಾಳವಾಗಿ ಕಾಯಬಹುದು. ತಾಯಿ ಮತ್ತೆ ಗಬ್ಬವಾಗಿಲ್ಲದಿದ್ದರೆ ಅದೇ ಬಿಡಿಸಲಿ ಎಂದು ಬಿಟ್ಟರೂ ತಪ್ಪಿಲ್ಲ. ಗಂಡು ಮರಿಯಾದರೆ ಮಾತ್ರ ಒಂದು ಎಚ್ಚರ ಬೇಕು. ವರ್ಷ ತುಂಬುವ ಹೊತ್ತಿಗೆ ಅದನ್ನು ಹೆಣ್ಣು ಕುದುರೆಗಳಿಂದ ಬೇರೆ ಮಾಡಲೇಬೇಕು. ಆ ವಯಸ್ಸಿಗೇ ಕೆಲವು ಗಂಡುಗಳಿಗೆ ಪ್ರಾಯ ಬಂದಿರುತ್ತದೆ.

ಮರಿ ಸಿದ್ಧವೇ? ನಿಂತು ನೋಡಿ

ಕೊಟ್ಟಿಗೆಯ ಹೊರಗೆ ನಿಂತು ಒಂದು ಗಂಟೆ ಸುಮ್ಮನೆ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಮೊದಲ ವಾರಗಳಲ್ಲಿ ಮರಿ ಗಂಟೆಗೆ ಹಲವು ಸಲ ಕುಡಿಯುತ್ತದೆ. ನಾಲ್ಕೈದು ತಿಂಗಳ ಮರಿ ಗಂಟೆಗೊಮ್ಮೆಯೋ ಎರಡು ಗಂಟೆಗೊಮ್ಮೆಯೋ ಬಂದು, ಕೆಚ್ಚಲಿಗೆ ಒಂದೆರಡು ಬಾರಿ ಗುದ್ದಿ, ಒಂದು ನಿಮಿಷ ಚೀಪಿ, ಹುಲ್ಲಿಗೆ ಮರಳಬೇಕು. ಇನ್ನೂ ಮತ್ತೆ ಮತ್ತೆ ಬಂದು ಕುಡಿಯುತ್ತಿದ್ದರೆ ಮೇವು ಸಾಲುತ್ತಿಲ್ಲ ಎಂದರ್ಥ.

ಗಮನಿಸಬೇಕಾದವು ಇವು:

• ಒಣಹುಲ್ಲು, ಹಸಿಹುಲ್ಲು ಎರಡನ್ನೂ ಅಗಿದು ತಿನ್ನುತ್ತಿದೆಯೇ? ಬಾಯಲ್ಲಿಟ್ಟು ಉಗುಳುವುದು ತಿಂದಂತಲ್ಲ.

• ತನ್ನ ಪಾಲಿನ ಕೈತಿಂಡಿಯನ್ನು ದಿನವೂ ಪೂರ್ತಿ ಮುಗಿಸುತ್ತಿದೆಯೇ?

• ತೊಟ್ಟಿಯಿಂದ ತಾನಾಗಿಯೇ ನೀರು ಕುಡಿಯುತ್ತಿದೆಯೇ? ಹಾಲು ಕುಡಿಯುವ ಮರಿ ನೀರು ಕುಡಿಯುವುದು ಕಡಿಮೆ, ಬಹಳ ಜನ ಇದನ್ನು ಗಮನಿಸುವುದಿಲ್ಲ.

• ತಾಯಿಯಿಂದ ಐವತ್ತು ಅಡಿ ದೂರ ಹೋಗಿ ಬೇರೆ ಕುದುರೆಗಳ ಜೊತೆ ನಿಶ್ಚಿಂತೆಯಿಂದ ಇರುತ್ತದೆಯೇ?

• ಹಾಲ್ಟರ್ ಹಾಕಿಸಿಕೊಂಡು, ಹಗ್ಗ ಹಿಡಿದರೆ ನಡೆದು ಬರುತ್ತದೆಯೇ? ಕಾಲು ಎತ್ತಿ ಗೊರಸು ನೋಡಲು ಬಿಡುತ್ತದೆಯೇ?

• ಜ್ವರ, ಕೆಮ್ಮು, ಮೂಗಿನ ಸುರಿತ, ಭೇದಿ ಏನೂ ಇಲ್ಲವೇ? ಪಕ್ಕೆಲುಬು ಕಣ್ಣಿಗೆ ಎದ್ದು ಕಾಣುತ್ತಿಲ್ಲವೇ?

ಮರಿಯ ಮನಸ್ಸಿನ ವಯಸ್ಸು ತಿಳಿಯಲು ಇನ್ನೊಂದು ಗುರುತಿದೆ. ಎಳೆ ಮರಿ ದೊಡ್ಡ ಕುದುರೆಯ ಎದುರು ಬಂದಾಗ ಕತ್ತು ಚಾಚಿ, ತುಟಿ ಹಿಂದಕ್ಕೆಳೆದು, ಬಾಯನ್ನು ಪಟಪಟನೆ ತೆರೆದು ಮುಚ್ಚುತ್ತದೆ. ‘ನಾನು ಚಿಕ್ಕವನು, ನನಗೇನೂ ಮಾಡಬೇಡ’ ಎಂಬ ವಿನಂತಿ ಅದು. ಎಲ್ಲ ಕುದುರೆಗಳನ್ನೂ ಕಂಡು ಹೀಗೆ ಬಾಯಿ ಬಡಿದು ತಾಯಿಯ ಹಿಂದೆ ಓಡುವ ಮರಿಗೆ ಇನ್ನೂ ತಾಯಿಯೇ ಆಸರೆ. ಜೊತೆಯ ಮರಿಗಳ ಕತ್ತು ಕೆರೆಯುತ್ತ, ಓಡಾಡುತ್ತ, ಗಂಟೆಗಟ್ಟಲೆ ತಾಯಿಯನ್ನು ಮರೆಯುವ ಮರಿ ಸಿದ್ಧವಾಗುತ್ತಿದೆ.

ತಾಯಿಯ ಮೈ

ಹಾಲೂಡಿಸುವ ಕುದುರೆ ತನ್ನ ಮೈಯ ಕೊಬ್ಬನ್ನೇ ಕರಗಿಸಿ ಹಾಲು ಮಾಡುತ್ತದೆ. ಹೊಟ್ಟೆಯಲ್ಲಿ ಇನ್ನೊಂದು ಮರಿಯಿದ್ದರೆ ಹೊರೆ ಇನ್ನೂ ಹೆಚ್ಚು. ಹೆಣ್ಣು ಕುದುರೆ ಮರಿ ಹಾಕಿದ ಏಳರಿಂದ ಹನ್ನೆರಡು ದಿನಕ್ಕೇ ಮತ್ತೆ ಬೆದೆಗೆ ಬರುವುದರಿಂದ ಇದು ಅಪರೂಪವೇನಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ 1983ರಲ್ಲಿ ರೂಪಿಸಿದ ಹೆನೆಕ್ ಅಂಕಪಟ್ಟಿಯಲ್ಲಿ ಕುದುರೆಯ ಮೈಕಟ್ಟಿಗೆ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. ಎಲುಬುಗೂಡಿಗೆ 1, ಅತಿ ಕೊಬ್ಬಿಗೆ 9. ಹಾಲೂಡಿಸುವ ಕುದುರೆ 5ಕ್ಕಿಂತ ಕೆಳಗಿಳಿಯಬಾರದು. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು ಎಂಬುದು ಸುಲಭದ ಗುರುತು.

ತಾಯಿ ಸೊರಗುತ್ತಿದ್ದರೆ ಮೊದಲು ಅದರ ಮೇವು, ಹಲ್ಲು, ಜಂತುಹುಳು ನೋಡಿ. ಹೊಟ್ಟೆತುಂಬ ಮೇವು ಹಾಕಿದರೂ ಮೈ ಏರದಿದ್ದರೆ ಆಗ ಬೇಗ ಬಿಡಿಸುವುದು ನ್ಯಾಯ. ಗಬ್ಬವಾಗಿರುವ ತಾಯಿಗೆ ಮುಂದಿನ ಮರಿ ಹಾಕುವ ಮೊದಲು ಎರಡು ಮೂರು ತಿಂಗಳಾದರೂ ಕೆಚ್ಚಲಿಗೆ ಬಿಡುವು ಸಿಗುವಂತೆ ನೋಡಿಕೊಳ್ಳಿ.

ಮಳೆ, ಪಟಾಕಿ, ಪಂಚಾಂಗ

ನಮ್ಮಲ್ಲಿ ತಳಿ ಕುದುರೆಗಳು ಹೆಚ್ಚಾಗಿ ಜನವರಿಯಿಂದ ಮೇ ಒಳಗೆ ಮರಿ ಹಾಕುತ್ತವೆ. ಥರೋಬ್ರೆಡ್ ಮರಿಗಳಿಗೆಲ್ಲ ಜನವರಿ 1ರಂದೇ ವಯಸ್ಸು ಎಣಿಸುವುದರಿಂದ ವರ್ಷದ ಆರಂಭದಲ್ಲೇ ಮರಿ ಹುಟ್ಟಲಿ ಎಂಬುದು ಸ್ಟಡ್ ಫಾರ್ಮ್‌ಗಳ ಆಸೆ. ಫೆಬ್ರುವರಿಯ ಮರಿಗೆ ಆರು ತಿಂಗಳು ತುಂಬುವುದು ಆಗಸ್ಟ್‌ನಲ್ಲಿ, ಏಪ್ರಿಲ್ ಮರಿಗೆ ಅಕ್ಟೋಬರ್‌ನಲ್ಲಿ. ಎರಡೂ ಮಳೆಯ ದಿನಗಳೇ. ಕೆಸರಿನಲ್ಲಿ ಗಾಬರಿಯಿಂದ ಓಡುವ ಮರಿ ಜಾರಿ ಬೀಳುತ್ತದೆ. ನೊಣ, ಕುರುಡುನೊಣದ ಕಾಟ ಹೆಚ್ಚಿದ್ದು, ಅವು ಕಚ್ಚಿ ಹರಡುವ ಸರ್ರಾ ರೋಗದ ಭಯವೂ ಇರುತ್ತದೆ. ಮಳೆ ಎಡೆಬಿಡದೆ ಸುರಿಯುತ್ತಿದ್ದರೆ ಎರಡು ವಾರ ತಡೆಯಿರಿ. ನಾಲ್ಕೈದು ದಿನ ಹೊಳವು ಸಿಗುವ ಲಕ್ಷಣ ಕಂಡಾಗ ಕೆಲಸಕ್ಕೆ ಕೈಹಾಕಿ.

ಗಣೇಶನ ಮೆರವಣಿಗೆಯ ತಮಟೆ, ದೀಪಾವಳಿಯ ಪಟಾಕಿ ಇವುಗಳ ಹತ್ತಿರ ದಿನ ಇಡಲೇಬೇಡಿ. ಮರಿಗೆ ಗೊತ್ತಿರುವ ಸೈಸ್ (ಕುದುರೆ ನೋಡಿಕೊಳ್ಳುವ ಆಳು) ರಜೆಯಲ್ಲಿ ಊರಿಗೆ ಹೋಗಿರುವ ವಾರವೂ ಬೇಡ. ಮರಿಗೆ ಆ ದಿನಗಳಲ್ಲಿ ಗುರುತಿನ ಕೈ, ಗುರುತಿನ ದನಿ ಬೇಕು.

ಪಂಚಾಂಗ ನೋಡುವವರು ನಮ್ಮಲ್ಲಷ್ಟೇ ಇಲ್ಲ. ರೇಸ್ ಕುದುರೆಗಳ ತವರಾದ ಅಮೆರಿಕದ ಕೆಂಟಕಿಯಲ್ಲೂ ಹಳೆಯ ಕುದುರೆ ಸಾಕಣೆದಾರರು ಚಂದ್ರ ಯಾವ ರಾಶಿಯಲ್ಲಿದ್ದಾನೆ ಎಂದು ನೋಡಿ ಹಾಲು ಬಿಡಿಸುವ ದಿನ ಗೊತ್ತುಮಾಡುವ ರೂಢಿ ಇಟ್ಟುಕೊಂಡು ಬಂದಿದ್ದಾರೆ. ನಂಬಿಕೆಯಿದ್ದವರು ಒಳ್ಳೆಯ ದಿನ ನೋಡಿಕೊಳ್ಳಲಿ, ಅದರಿಂದ ಮರಿಗೆ ನಷ್ಟವಿಲ್ಲ. ದಿನವನ್ನು ಪಂಚಾಂಗ ಹೇಳಬಹುದು, ತಿಂಗಳನ್ನು ಮಾತ್ರ ಮರಿಯೇ ಹೇಳಬೇಕು.

ಎರಡು ತಿಂಗಳ ಮೊದಲೇ ಮೇವಿನ ಅಭ್ಯಾಸ

ಮರಿ ಮೊದಲ ವಾರಗಳಲ್ಲಿ ತಾಯಿಯ ಹಸಿ ಲದ್ದಿ ತಿನ್ನುವುದನ್ನು ಕಂಡು ಕೆಲವರು ಹೊಡೆದು ಓಡಿಸುತ್ತಾರೆ. ಬೇಡ. ಹುಲ್ಲು ಜೀರ್ಣಿಸಲು ಬೇಕಾದ ಸೂಕ್ಷ್ಮಜೀವಿಗಳು ಮರಿಯ ಕರುಳು ಸೇರುವ ಒಂದು ದಾರಿ ಅದು. ಎರಡನೇ ವಾರದಿಂದಲೇ ಮರಿ ತಾಯಿಯ ತೊಟ್ಟಿಯಲ್ಲಿ ಮೂತಿ ಇಟ್ಟು ರುಚಿ ನೋಡುತ್ತದೆ. ಎರಡು ತಿಂಗಳಿನ ಹೊತ್ತಿಗೆ ಅದಕ್ಕೇ ಪ್ರತ್ಯೇಕ ತಿಂಡಿ ಶುರುಮಾಡಿ.

ತಾಯಿ ಅದನ್ನು ಕಬಳಿಸದಂತೆ ಒಂದು ಮೂಲೆಗೆ ಅಡ್ಡಗಳ ಕಟ್ಟಿ. ಗಳ ಮರಿಯ ಬೆನ್ನಿಗಿಂತ ಒಂದು ಗೇಣು ಮೇಲೆ, ತಾಯಿಯ ಎದೆಮಟ್ಟಕ್ಕೆ ಇರಲಿ. ಮರಿ ಕೆಳಗೆ ನುಸುಳಿ ಒಳಗೆ ಹೋಗುತ್ತದೆ, ತಾಯಿ ಹೊರಗೇ ನಿಲ್ಲುತ್ತದೆ. ಮರಿ ಬೆಳೆದಂತೆ ಗಳವನ್ನು ಏರಿಸುತ್ತ ಬನ್ನಿ. ಗಳ ನುಣುಪಾಗಿರಬೇಕು, ತುದಿಯಲ್ಲಿ ಮೊಳೆ, ತಂತಿ ಇರಬಾರದು.

ಮರಿಯ ತಿಂಡಿಯಲ್ಲಿ ಶೇಕಡ 14ರಿಂದ 16ರಷ್ಟು ಪ್ರೋಟೀನ್ ಇರಬೇಕು. ವಯಸ್ಸಿನ ಪ್ರತಿ ತಿಂಗಳಿಗೆ ದಿನಕ್ಕೆ ಸುಮಾರು ಅರ್ಧ ಕಿಲೋ ಎಂಬುದು ಥರೋಬ್ರೆಡ್‌ನಂಥ ದೊಡ್ಡ ತಳಿಗೆ ಹೇಳುವ ಮೇಲಿನ ಮಿತಿ. ಅಂದರೆ ನಾಲ್ಕು ತಿಂಗಳ ಮರಿಗೆ ಎರಡು ಕಿಲೋ. ಮಾರ್ವಾಡಿ, ಕಾಥಿಯಾವಾಡಿಯಂಥ ಹಗುರ ತಳಿಗಳಿಗೆ, ಪೋನಿಗಳಿಗೆ ಇದಕ್ಕಿಂತ ಕಡಿಮೆ ಸಾಕು. ದಿನದ ಪಾಲನ್ನು ಎರಡು ಮೂರು ಹೊತ್ತಿಗೆ ಹಂಚಿ ಕೊಡಿ. ಓಟ್ಸ್, ಬಾರ್ಲಿ, ನೆನೆಸಿ ಬೇಯಿಸಿದ ಹುರುಳಿ ನಮ್ಮಲ್ಲಿ ಸುಲಭವಾಗಿ ಸಿಗುತ್ತವೆ. ಅದರ ಜೊತೆ ಗರಿಕೆ ಹುಲ್ಲು, ಒಂದಿಷ್ಟು ಕುದುರೆ ಮಸಾಲೆ ಸೊಪ್ಪು ಇದ್ದರೆ ಒಳ್ಳೆಯ ಜೋಡಿ.

ಇಲ್ಲಿ ಮೂರು ಎಚ್ಚರಿಕೆಗಳಿವೆ.

ಒಂದು, ಬೂಸಾ. ಗೋಧಿ ಬೂಸಾದಲ್ಲಿ ರಂಜಕ ಸುಣ್ಣಕ್ಕಿಂತ ಹಲವು ಪಟ್ಟು ಹೆಚ್ಚು. ಬೆಳೆಯುವ ಮರಿಗೆ ಸುಣ್ಣದ ಅಂಶ ರಂಜಕಕ್ಕಿಂತ ಹೆಚ್ಚಿರಬೇಕು, ಒಂದೂವರೆಯಿಂದ ಎರಡು ಪಟ್ಟು ಇದ್ದರೆ ಉತ್ತಮ. ಬೂಸಾವನ್ನೇ ಮುಖ್ಯ ತಿಂಡಿ ಮಾಡಿದರೆ ದೇಹ ತನ್ನ ಎಲುಬಿನಿಂದ ಸುಣ್ಣ ಕೀಳುತ್ತದೆ. ಮುಖದ ಎಲುಬು ಉಬ್ಬಿಕೊಂಡು ಕಾಲು ಕುಂಟುವ ರೋಗ ಬರುತ್ತದೆ.

ಎರಡು, ನೇಪಿಯರ್. ಹೈನುಗಾರರ ಮನೆಯಲ್ಲಿ ಯಥೇಚ್ಛವಾಗಿ ಸಿಗುವ ಈ ಹುಲ್ಲಿನಲ್ಲಿರುವ ಆಕ್ಸಲೇಟ್ ಸುಣ್ಣವನ್ನು ಹಿಡಿದಿಟ್ಟುಕೊಂಡು ಕುದುರೆಗೆ ದಕ್ಕದಂತೆ ಮಾಡುತ್ತದೆ. ಹಸುವಿಗೆ ಒಗ್ಗಿದ್ದು ಕುದುರೆ ಮರಿಗೆ ಒಗ್ಗಬೇಕೆಂದಿಲ್ಲ. ಕೊಡಲೇಬೇಕಾದರೆ ಬೇರೆ ಹುಲ್ಲಿನ ಜೊತೆ ಬೆರೆಸಿ, ಖನಿಜ ಮಿಶ್ರಣವನ್ನೂ ಸೇರಿಸಿ.

ಮೂರು, ಕೋಳಿ ಮತ್ತು ದನದ ಮೂಟೆ ಆಹಾರ. ಕೋಳಿ ಆಹಾರದಲ್ಲಿ, ಕೆಲವು ದನದ ಆಹಾರದಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧಿ ಕುದುರೆಯ ಹೃದಯಕ್ಕೆ ಮಾರಕ ವಿಷ. ಮೂಟೆಯ ಮೇಲೆ ಕುದುರೆಗೆಂದು ಬರೆದಿರದ ಆಹಾರವನ್ನು ಮರಿಗೂ ತಾಯಿಗೂ ಹಾಕಬೇಡಿ.

ಇದೇ ಎರಡು ತಿಂಗಳಲ್ಲಿ ಜಂತುನಾಶಕ, ಧನುರ್ವಾಯು ಮುಂತಾದ ಲಸಿಕೆಗಳು, ಗೊರಸು ಹೆರೆಯುವುದು ಎಲ್ಲವನ್ನೂ ಪಶುವೈದ್ಯರ ಸಲಹೆಯಂತೆ ಮುಗಿಸಿಕೊಳ್ಳಿ. ಕೊನೆಯ ಎರಡು ವಾರ ಏನನ್ನೂ ಹೊಸದಾಗಿ ಮಾಡಬೇಡಿ. ಹಾಲು ಬಿಡಿಸುವ ವಾರದಲ್ಲೇ ಬೀಜ ಒಡೆಸುವುದು, ದೂರದ ಊರಿಗೆ ಸಾಗಿಸುವುದು, ಹೊಸ ಆಹಾರಕ್ಕೆ ಬದಲಿಸುವುದು ಎಂದರೆ ರೋಗವನ್ನು ಕೈಬೀಸಿ ಕರೆದಂತೆ.

ಬೇರೆ ಮಾಡುವ ವಿಧಾನ

ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 225 ಮರಿಗಳನ್ನು ನಾಲ್ಕು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಎಲ್ಲ ಕುದುರೆ ಸಾಕುವವರಿಗೂ ಗೊತ್ತಿರಬೇಕಾದದ್ದು. ಲಾಯದಲ್ಲಿ ಕೂಡಿಹಾಕಿ ಹಾಲು ಬಿಡಿಸಿದ ಮರಿಗಳಲ್ಲಿ ಚಟಗಳು ಬಯಲಿನಲ್ಲಿ ಬಿಡಿಸಿದ ಮರಿಗಳಿಗಿಂತ ಹೆಚ್ಚಾಗಿ ಕಂಡವು. ಹಾಲು ಬಿಡಿಸಿದ ಕೂಡಲೇ ಧಾನ್ಯದ ಕೈತಿಂಡಿ ಶುರುಮಾಡಿದ ಮರಿಗಳಲ್ಲಿ ಮರ ಕಚ್ಚುವ ಚಟ ನಾಲ್ಕು ಪಟ್ಟು ಹೆಚ್ಚಿತ್ತು. ಆ ಚಟ ಶುರುವಾಗುತ್ತಿದ್ದ ವಯಸ್ಸು ಐದು ತಿಂಗಳಿನ ಆಸುಪಾಸು. ಅಂದರೆ ಹೆಚ್ಚಿನ ಮರಿಗಳಿಗೆ ಹಾಲು ಬಿಡಿಸುವ ಕಾಲವೇ.

ಹೀಗಾಗಿ ನಿಯಮ ಸರಳ: ಮರಿ ಗುರುತಿನ ಜಾಗದಲ್ಲಿ, ಗುರುತಿನ ಜೊತೆಗಾರರ ನಡುವೆ, ತೆರೆದ ಬಯಲಿನಲ್ಲಿ ಉಳಿಯಲಿ. ಹೊರಗೆ ಹೋಗಬೇಕಾದದ್ದು ತಾಯಿ.

ಹಲವು ತಾಯಿಗಳು, ಹಲವು ಮರಿಗಳು ಇದ್ದಲ್ಲಿ ಒಂದೊಂದಾಗಿ ತೆಗೆಯುವ ಪದ್ಧತಿ ಎಲ್ಲಕ್ಕಿಂತ ಒಳ್ಳೆಯದು. ಗುಂಪಿನಿಂದ ಮೊದಲು ಹಿರಿಯ ಮರಿಯ ತಾಯಿಯನ್ನು ಮಾತ್ರ ಸದ್ದಿಲ್ಲದೆ ಕರೆದೊಯ್ಯಿರಿ. ಆ ಮರಿ ಸ್ವಲ್ಪ ಹೊತ್ತು ಹುಡುಕಾಡಿ, ಉಳಿದವರೆಲ್ಲ ನೆಮ್ಮದಿಯಾಗಿ ಮೇಯುವುದನ್ನು ಕಂಡು ತಾನೂ ಮೇಯಲು ತೊಡಗುತ್ತದೆ. ಕೆಲವು ದಿನಗಳ ನಂತರ ಇನ್ನೊಂದು ತಾಯಿ. ಕೊನೆಯಲ್ಲಿ ಸೌಮ್ಯ ಸ್ವಭಾವದ, ಮರಿಯಿಲ್ಲದ ಹಿರಿಯ ಕುದುರೆಯೊಂದು ಮರಿಗಳ ಜೊತೆ ಉಳಿಯಲಿ.

ಎರಡನೆಯದು ಬೇಲಿಯಾಚೆಯ ಪದ್ಧತಿ. ಗಟ್ಟಿಯಾದ, ಮುಳ್ಳುತಂತಿಯಿಲ್ಲದ ಬೇಲಿಯ ಒಂದು ಕಡೆ ತಾಯಿ, ಇನ್ನೊಂದು ಕಡೆ ಮರಿ ಮತ್ತು ಜೊತೆಗಾರ. ಕಾಣಬಹುದು, ಮೂಸಬಹುದು, ಕುಡಿಯಲಾಗದು. ಮೊದಲು ದಿನಕ್ಕೆ ಒಂದು ಗಂಟೆಯಿಂದ ಶುರುಮಾಡಿ ಒಂದೆರಡು ವಾರದಲ್ಲಿ ಇಡೀ ದಿನಕ್ಕೆ ಏರಿಸಿ. ಆಮೇಲೆ ತಾಯಿಯನ್ನು ದೂರಕ್ಕೆ ಒಯ್ದರೆ ಮರಿ ಕಂಗೆಡುವುದು ಕಡಿಮೆ. ಬೇಲಿಯ ಎತ್ತರ, ಕಂಬದ ಗಟ್ಟಿತನ ಮೊದಲೇ ಪರೀಕ್ಷಿಸಿ. ಗಾಬರಿಗೊಂಡ ಮರಿ ಸಡಿಲ ಬೇಲಿಯಲ್ಲಿ ಕಾಲು ಸಿಕ್ಕಿಸಿಕೊಂಡರೆ ಬದುಕಿಡೀ ಕುಂಟಬೇಕಾದೀತು.

ಯಾವ ದಾರಿ ಹಿಡಿದರೂ ಒಂದು ಮಾತು. ಒಮ್ಮೆ ಪೂರ್ತಿ ಬೇರೆ ಮಾಡಿದ ಮೇಲೆ, ಕೂಗು ಕೇಳಲಾರದೆ ಮೂರನೇ ದಿನ ತಾಯಿಯನ್ನು ಮರಳಿ ತಂದು ಕುಡಿಸಬೇಡಿ. ಬತ್ತುತ್ತಿರುವ ಕೆಚ್ಚಲಿಗೆ ಮತ್ತೆ ಹಾಲು ತುಂಬುತ್ತದೆ, ಮರಿಯ ಸಂಕಟ ಮೊದಲಿನಿಂದ ಶುರುವಾಗುತ್ತದೆ.

ಒಂದೇ ತಾಯಿ, ಒಂದೇ ಮರಿ ಇದ್ದರೆ

ನಮ್ಮಲ್ಲಿ ಸಣ್ಣದಾಗಿ ಕುದುರೆ ಸಾಕುವವರ ನಿಜವಾದ ಸಮಸ್ಯೆ ಇದು. ರೈಡಿಂಗ್ ಶಾಲೆ, ಮದುವೆ ಮೆರವಣಿಗೆಯ ಕುದುರೆ, ಮೈಸೂರಿನ ಟಾಂಗಾ, ಹವ್ಯಾಸದ ಸಾಕಣೆ ಎಲ್ಲ ಕಡೆಯೂ ಮರಿ ಹುಟ್ಟುವುದು ಒಂದೋ ಎರಡೋ. ಕುದುರೆ ಹಿಂಡಿನ ಪ್ರಾಣಿ. ಒಂಟಿ ಮರಿಯಿಂದ ತಾಯಿಯನ್ನು ಕಿತ್ತರೆ ಅದರ ಇಡೀ ಹಿಂಡನ್ನೇ ಕಿತ್ತಂತೆ.

ಪರಿಹಾರಗಳಿವೆ. ಕನಿಷ್ಠ ಒಂದು ತಿಂಗಳು ಮೊದಲೇ ಶಾಂತ ಸ್ವಭಾವದ ಇನ್ನೊಂದು ಕುದುರೆ ಅಥವಾ ಪೋನಿಯನ್ನು ತಾಯಿ ಮರಿಗಳ ಜೊತೆ ಮೇಯಲು ಬಿಡಿ. ಬೀಜ ಒಡೆದ ಗಂಡಾದರೆ ಬಹಳ ಒಳ್ಳೆಯದು. ಅದೂ ಇಲ್ಲದಿದ್ದರೆ ಕತ್ತೆಯೂ ಆದೀತು, ಆದರೆ ಜಂತುನಾಶಕ ಕೊಡಿಸಿ, ಪಶುವೈದ್ಯರಿಗೆ ತೋರಿಸಿದ ಮೇಲೆಯೇ ಒಳಗೆ ತನ್ನಿ. ಹತ್ತಿರದಲ್ಲಿ ಇನ್ನೊಬ್ಬರ ಬಳಿ ಅದೇ ವಯಸ್ಸಿನ ಮರಿ ಇದ್ದರೆ ಇಬ್ಬರೂ ಮಾತಾಡಿಕೊಂಡು ಮರಿಗಳನ್ನು ಒಟ್ಟಿಗೆ ಬೆಳೆಸಿ. ಖರ್ಚೂ ಹಂಚಿಹೋಗುತ್ತದೆ, ಎರಡೂ ಮರಿ ಗೆಲ್ಲುತ್ತವೆ. ಮೇಕೆ, ನಾಯಿ, ಮನುಷ್ಯ ಕುದುರೆಯ ಜಾಗ ತುಂಬಲಾರರು. ಮನುಷ್ಯರ ಮಧ್ಯೆಯೇ ಮುದ್ದಾಗಿ ಬೆಳೆದ ಒಂಟಿ ಮರಿ, ಮುಖ್ಯವಾಗಿ ಗಂಡು, ಎರಡು ವರ್ಷಕ್ಕೆ ಮನುಷ್ಯರ ಮೇಲೆಯೇ ಕಾಲೆತ್ತುವ ಕಷ್ಟದ ಕುದುರೆಯಾಗುತ್ತದೆ.

ಯಾವ ಜೊತೆಯೂ ಸಿಗದಿದ್ದರೆ ಹಾಲು ಬಿಡಿಸುವುದನ್ನು ಮುಂದಕ್ಕೆ ಹಾಕಿ. ತಾಯಿಗೆ ಹೆಚ್ಚಿನ ಮೇವು ಕೊಟ್ಟು ಗಟ್ಟಿಯಾಗಿಟ್ಟುಕೊಂಡು ಕಾಯುವುದು ಒಂಟಿ ಕೋಣೆಗಿಂತ ನೂರು ಪಾಲು ಮೇಲು.

ಬಿಡಿಸಿದ ನಂತರ

ಮರಿಯ ಕಡೆ: ಮೊದಲ ಎರಡು ಮೂರು ದಿನ ಕೆನೆತ, ಬೇಲಿಯುದ್ದಕ್ಕೂ ಓಡಾಟ ಸಹಜ. ನೀರು ಕುಡಿಯುತ್ತಿದೆಯೇ, ಲದ್ದಿ ಹಾಕುತ್ತಿದೆಯೇ ಎಂದು ದಿನಕ್ಕೆ ಹಲವು ಸಲ ನೋಡಿ. ಹುಲ್ಲು ಸದಾ ಎದುರಿಗಿರಲಿ. ಕೈತಿಂಡಿ ಮೊದಲಿನಷ್ಟೇ ಇರಲಿ, ಪಾಪ ಅಂತ ಹೆಚ್ಚಿಸಬೇಡಿ. ಕೆಲವು ಮರಿಗಳು ಒಂದೆರಡು ವಾರ ಬೆಳೆಯದೆ ನಿಂತು ನಂತರ ಒಮ್ಮೆಲೇ ಜಿಗಿದು ಬೆಳೆಯುತ್ತವೆ. ಆಗ ಧಾನ್ಯ ಸುರಿದರೆ ಮೊಣಕಾಲು, ಗೊರಸಿನ ಮೇಲಿನ ಕೀಲುಗಳು ಊದಿಕೊಳ್ಳುತ್ತವೆ, ಮೃದ್ವಸ್ಥಿ ಸರಿಯಾಗಿ ಗಟ್ಟಿಯಾಗದೆ ಉಳಿಯುತ್ತದೆ. ಏರಿಳಿತವಿಲ್ಲದ ನಿಧಾನ ಬೆಳವಣಿಗೆಯೇ ಗಟ್ಟಿ ಕಾಲಿನ ಗುಟ್ಟು. ಎರಡು ವಾರಕ್ಕೊಮ್ಮೆ ಎದೆಯ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿ. ಕಣ್ಣು ತಪ್ಪು ಹೇಳಬಹುದು, ಪುಸ್ತಕ ಹೇಳುವುದಿಲ್ಲ.

ತಾಯಿಯ ಕಡೆ: ಬಿಡಿಸುವ ಒಂದು ವಾರ ಮೊದಲೇ ಕೈತಿಂಡಿಯನ್ನು ಇಳಿಸುತ್ತ ಬನ್ನಿ. ಬಿಡಿಸಿದ ಮೇಲೂ ವಾರದಿಂದ ಹತ್ತು ದಿನ ಹುಲ್ಲೇ ಪ್ರಧಾನವಾಗಿರಲಿ, ನೀರನ್ನು ಮಾತ್ರ ಎಂದೂ ಕಡಿಮೆ ಮಾಡಬೇಡಿ. ಕೆಚ್ಚಲು ಬಿಗಿದು ನಿಂತಿತೆಂದು ಕರೆದು ಖಾಲಿ ಮಾಡಬಾರದು. ತುಂಬಿದ ಕೆಚ್ಚಲಿನ ಒತ್ತಡವೇ ಹಾಲು ನಿಲ್ಲಿಸುವ ಸಂದೇಶ, ಕರೆದರೆ ಹಾಲು ಮತ್ತೆ ಇಳಿಯುತ್ತದೆ. ದಿನವೂ ಓಡಾಟವಿದ್ದರೆ ಬಾವು ಬೇಗ ತಗ್ಗುತ್ತದೆ. ಒಂದು ಭಾಗ ಮಾತ್ರ ಬಿಸಿಯಾಗಿ, ಮುಟ್ಟಿದರೆ ನೋವಿನಿಂದ ಒದ್ದರೆ, ಜ್ವರ ಬಂದರೆ, ಹಾಲಿನಲ್ಲಿ ಗರಣೆ ಕಂಡರೆ ಅದು ಕೆಚ್ಚಲು ಬಾವು. ತಡಮಾಡದೆ ಪಶುವೈದ್ಯರನ್ನು ಕರೆಯಿರಿ. ಹತ್ತಿರ ಯಾರೂ ಇಲ್ಲದಿದ್ದರೆ ಪಶುಸಂಜೀವಿನಿ ಸಹಾಯವಾಣಿ 1962 ಇದೆ.

ಬೇಗ ಬಿಡಿಸಲೇಬೇಕಾದಾಗ

ತಾಯಿಗೆ ಗಂಭೀರ ಕಾಯಿಲೆ, ಹಾಲು ಬತ್ತಿಹೋಗಿರುವುದು, ಮರಿಯನ್ನು ಕಚ್ಚಿ ಒದೆಯುವ ತಾಯಿ, ಹಾಲಿನ ಅತಿ ಪುಷ್ಟಿಯಿಂದ ಮರಿ ವೇಗವಾಗಿ ಬೆಳೆದು ಕಾಲಿನ ಸ್ನಾಯುರಜ್ಜು ಬಿಗಿದು ಗೊರಸಿನ ತುದಿಯ ಮೇಲೆ ನಿಲ್ಲತೊಡಗುವುದು ಇವು ನಾಲ್ಕು ತಿಂಗಳಿಗೂ ಮುನ್ನ ಬಿಡಿಸಲು ಸರಿಯಾದ ಕಾರಣಗಳು. ಆಗಲೂ ನಿರ್ಧಾರ ಪಶುವೈದ್ಯರ ಜೊತೆ ಕೂತು ಆಗಬೇಕು. ಎರಡು ಮೂರು ತಿಂಗಳ ಮರಿಗೆ ಕುದುರೆ ಮರಿಗೆಂದೇ ತಯಾರಿಸಿದ ಹಾಲಿನ ಪುಡಿ ಅಥವಾ ಹಾಲಿನಂಶವಿರುವ ಹಿಂಡಿ ಬೇಕಾಗುತ್ತದೆ. ಜೊತೆಗಾರರ ಅಗತ್ಯ ಅಂಥ ಮರಿಗೆ ಇನ್ನೂ ಹೆಚ್ಚು.

ನಿರ್ಧಾರ

ಕೊನೆಗೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಮರಿಗೆ ನಾಲ್ಕು ತಿಂಗಳು ದಾಟಿದೆಯೇ? ಹುಲ್ಲು, ನೀರು, ಕೈತಿಂಡಿಯ ಮೇಲೆ ಅದು ಆಗಲೇ ನಿಂತಿದೆಯೇ? ತಾಯಿ ಹೋದ ಮೇಲೂ ಅದರ ಪಕ್ಕದಲ್ಲಿ ಗುರುತಿನ ಕುದುರೆಯೊಂದು ಇರುತ್ತದೆಯೇ? ಮುಂದಿನ ಎರಡು ವಾರ ನೀವು ಮನೆಯಲ್ಲಿದ್ದು ನೋಡಿಕೊಳ್ಳಬಲ್ಲಿರಾ? ನಾಲ್ಕಕ್ಕೂ ಹೌದು ಎಂದಾದರೆ ಬಿಡಿಸಿ. ಒಂದಕ್ಕೆ ಇಲ್ಲ ಎಂದಾದರೂ, ತಾಯಿಯ ಆರೋಗ್ಯ ಅಡ್ಡಿಯಿಲ್ಲದಿದ್ದರೆ, ಕಾಯಿರಿ. ಒಂದು ತಿಂಗಳು ತಡವಾಗಿ ಹಾಲು ಬಿಟ್ಟ ಮರಿ ಕಳೆದುಕೊಳ್ಳುವುದು ಏನೂ ಇಲ್ಲ. ಒಂದು ತಿಂಗಳು ಬೇಗ, ಒಂಟಿಯಾಗಿ, ಕತ್ತಲ ಕೋಣೆಯಲ್ಲಿ ಬಿಟ್ಟ ಮರಿಯನ್ನು ಸರಿಪಡಿಸಲು ಮುಂದೆ ಅದನ್ನು ಪಳಗಿಸುವವರು ವರ್ಷಗಟ್ಟಲೆ ಬೆವರು ಸುರಿಸಬೇಕು.